ಬ್ಯಾರ್ನಿ ಬೆನೆಡಿಕ್ಟ್ಸನ್ ಸರ್ಕಾರ (ಐಸ್‌ಲ್ಯಾಂಡ್, 2017)

ಐಸ್‌ಲ್ಯಾಂಡ್‌ನಲ್ಲಿ 2017ರ ಜನವರಿ 11ರಂದು ಅಧಿಕಾರಕ್ಕೆ ಬಂದು ಅದೇ ವರ್ಷದ ಸೆಪ್ಟೆಂಬರ್ 15ರಂದು ಮುರಿದುಬಿದ್ದ ಮೂರು ಪಕ್ಷಗಳ ಮೈತ್ರಿ ಸರ್ಕಾರ. ಸ್ವಾತಂತ್ರ್ಯ ಪಕ್ಷ, ಸುಧಾರಣಾ ಪಕ್ಷ (ವಿದ್ರೇಸ್ನ್) ಮತ್ತು ಉಜ್ವಲ ಭವಿಷ್ಯ ಪಕ್ಷ ಇದರಲ್ಲಿದ್ದವು. ಸ್ವಾತಂತ್ರ್ಯ ಪಕ್ಷದ ನಾಯಕ ಬ್ಯಾರ್ನಿ ಬೆನೆಡಿಕ್ಟ್ಸನ್ ಪ್ರಧಾನಿಯಾಗಿದ್ದರು. ಮೈತ್ರಿ ಬಾಳಿದ್ದು 247 ದಿನ. ಆ ಬಳಿಕ ನವೆಂಬರ್ 30ರವರೆಗೆ ಬ್ಯಾರ್ನಿ ಹಂಗಾಮಿ ಪ್ರಧಾನಿಯಾಗಿ ಉಳಿದರು. ತೆರಿಗೆ, ಬಜೆಟ್ ಅಥವಾ ವಿದೇಶಾಂಗ ನೀತಿಯ ಜಗಳದಿಂದ ಈ ಸರ್ಕಾರ ಬೀಳಲಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು ಮತ್ತು ಅವರ ಮನೆಯವರು ಕೇಳಿದ ಒಂದು ಪ್ರಶ್ನೆಗೆ ಸರ್ಕಾರ ತಿಂಗಳುಗಟ್ಟಲೆ ಉತ್ತರ ಕೊಡದೆ ಮುಚ್ಚಿಟ್ಟದ್ದೇ ಅದರ ಪತನಕ್ಕೆ ಕಾರಣವಾಯಿತು.

ಹಿನ್ನೆಲೆ

2008ರ ಬ್ಯಾಂಕ್ ಕುಸಿತದಿಂದ ಐಸ್‌ಲ್ಯಾಂಡ್ ಆರ್ಥಿಕವಾಗಿ ಬೇಗ ಚೇತರಿಸಿಕೊಂಡಿತು. ರಾಜಕಾರಣಿಗಳ ಮೇಲಿನ ನಂಬಿಕೆ ಮಾತ್ರ ಮರಳಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಪನಾಮಾ ದಾಖಲೆಗಳು ಹೊರಬಿದ್ದಾಗ ಆಗಿನ ಪ್ರಧಾನಿ ಸಿಗ್ಮುಂಡುರ್ ದಾವಿದ್ ಗುನ್ಲಾಗ್ಸನ್ ಅವರ ಕುಟುಂಬಕ್ಕೆ ಬ್ರಿಟಿಷ್ ವರ್ಜಿನ್ ದ್ವೀಪಗಳ ಕಂಪನಿಯೊಂದರ ನಂಟಿತ್ತೆಂದು ತಿಳಿಯಿತು. ಈ ಬಗ್ಗೆ ಪ್ರಶ್ನೆ ಬಂದಾಗ ಅವರು ಟಿವಿ ಸಂದರ್ಶನದ ನಡುವೆಯೇ ಎದ್ದು ಹೋದದ್ದನ್ನು ಇಡೀ ದೇಶ ನೋಡಿತು. ಮರುದಿನ ಸಂಸತ್ ಭವನದ ಮುಂದಿನ ಆಸ್ಟುರ್ವೋಟ್ಲುರ್ ಚೌಕದಲ್ಲಿ ಸಾವಿರಾರು ಜನ ಸೇರಿದರು. ಸುಮಾರು 3.3 ಲಕ್ಷ ಜನಸಂಖ್ಯೆಯ ದೇಶಕ್ಕೆ ಅದು ದೊಡ್ಡ ಜನಸಾಗರ. ಪ್ರಧಾನಿ ಕೆಳಗಿಳಿದರು, ಚುನಾವಣೆ ಅವಧಿಗೆ ಮುಂಚೆಯೇ ಬಂತು. ಆಗ ಹಣಕಾಸು ಸಚಿವರಾಗಿದ್ದ ಬ್ಯಾರ್ನಿ ಅವರ ಹೆಸರೂ ಆ ದಾಖಲೆಗಳಲ್ಲಿತ್ತು. ಆದರೂ ಅವರ ಪಕ್ಷಕ್ಕೆ ಅದರಿಂದ ಹೆಚ್ಚಿನ ಪೆಟ್ಟು ಬೀಳಲಿಲ್ಲ.

2016ರ ಅಕ್ಟೋಬರ್ 29ರ ಚುನಾವಣೆಯಲ್ಲಿ 63 ಸದಸ್ಯರ ಆಲ್ತಿಂಗ್ (ಸಂಸತ್ತು) ಏಳು ಪಕ್ಷಗಳಲ್ಲಿ ಹಂಚಿಹೋಯಿತು. ಸ್ವಾತಂತ್ರ್ಯ ಪಕ್ಷಕ್ಕೆ 21, ಎಡ-ಹಸಿರು ಪಕ್ಷಕ್ಕೆ ಮತ್ತು ಪೈರೇಟ್ ಪಕ್ಷಕ್ಕೆ ತಲಾ 10, ಪ್ರಗತಿಪರ ಪಕ್ಷಕ್ಕೆ 8, ಸುಧಾರಣಾ ಪಕ್ಷಕ್ಕೆ 7, ಉಜ್ವಲ ಭವಿಷ್ಯಕ್ಕೆ 4, ಸೋಷಿಯಲ್ ಡೆಮಾಕ್ರಟರಿಗೆ 3 ಸ್ಥಾನ ಸಿಕ್ಕವು. ಅಧ್ಯಕ್ಷ ಗುಡ್ನಿ ಯೋಹಾನ್ನೆಸ್ಸನ್ ಸರ್ಕಾರ ರಚಿಸುವಂತೆ ಮೊದಲು ಬ್ಯಾರ್ನಿ ಅವರನ್ನು ಕರೆದರು. ಅವರಿಂದಾಗದಿದ್ದಾಗ ಎಡ-ಹಸಿರು ಪಕ್ಷದ ಕತ್ರಿನ್ ಯಾಕೋಬ್ಸ್‌ಡೊಟ್ಟಿರ್ ಅವರಿಗೂ, ನಂತರ ಪೈರೇಟ್ ಪಕ್ಷದ ಬಿರ್ಗಿಟ್ಟಾ ಯೋನ್ಸ್‌ಡೊಟ್ಟಿರ್ ಅವರಿಗೂ ಅವಕಾಶ ಸಿಕ್ಕಿತು. ಐದು ಪಕ್ಷಗಳನ್ನು ಒಟ್ಟುಗೂಡಿಸುವುದು ಇಬ್ಬರಿಂದಲೂ ಆಗಲಿಲ್ಲ. ಹತ್ತು ವಾರಗಳ ಮಾತುಕತೆಯ ಕೊನೆಗೆ ಮತ್ತೆ ಬ್ಯಾರ್ನಿ ಅವರೇ 32 ಸದಸ್ಯರ ಬೆಂಬಲ ಹೊಂದಿಸಿದರು. ವಿರೋಧ ಪಕ್ಷಗಳಲ್ಲಿದ್ದವರು 31. ಒಬ್ಬ ಸದಸ್ಯ ಮುನಿಸಿಕೊಂಡರೂ ಸರ್ಕಾರ ಅಲುಗಾಡುವ ಸ್ಥಿತಿ ಅದು.

ಸುಧಾರಣಾ ಪಕ್ಷ ಹುಟ್ಟಿದ್ದೇ ಸ್ವಾತಂತ್ರ್ಯ ಪಕ್ಷ ಒಡೆದು. ಐರೋಪ್ಯ ಒಕ್ಕೂಟವನ್ನು ಸೇರುವ ಮಾತುಕತೆ ಮುಂದುವರಿಸುವ ಬಗ್ಗೆ ಜನಮತಗಣನೆ ನಡೆಸುತ್ತೇವೆಂದು ಹೇಳಿ ಕೈಬಿಟ್ಟದ್ದಕ್ಕೆ ಬೇಸತ್ತು ಹೊರಬಂದವರು ಅದನ್ನು ಕಟ್ಟಿದ್ದರು. ಅದರ ಸ್ಥಾಪಕ ಬೆನೆಡಿಕ್ಟ್ ಯೋಹಾನ್ನೆಸ್ಸನ್ ಪ್ರಧಾನಿಗೆ ಸಂಬಂಧಿ. ಅವರು ಹಣಕಾಸು ಸಚಿವರಾದರು. ಉಜ್ವಲ ಭವಿಷ್ಯದ ನಾಯಕ, ರಾಕ್ ಗಾಯಕರೂ ಆಗಿದ್ದ ಒಟ್ಟಾರ್ ಪ್ರೊಪ್ಪೆ ಅವರಿಗೆ ಆರೋಗ್ಯ ಖಾತೆ ಬಂತು. ಹನ್ನೊಂದು ಸಚಿವರಲ್ಲಿ ಆರು ಮಂದಿ ಸ್ವಾತಂತ್ರ್ಯ ಪಕ್ಷದವರು. ವ್ಯವಸ್ಥೆಯನ್ನೇ ಬದಲಿಸುತ್ತೇವೆಂದು ಮತ ಕೇಳಿದ್ದ ಎರಡು ಚಿಕ್ಕ ಪಕ್ಷಗಳು, ಹಳೆಯ ವ್ಯವಸ್ಥೆಯ ಮುಖವಾಗಿದ್ದ ಪಕ್ಷದ ಕೈಹಿಡಿದದ್ದನ್ನು ಅವುಗಳ ಮತದಾರರು ಮೊದಲ ದಿನದಿಂದಲೂ ಒಪ್ಪಲಿಲ್ಲ.

ಆಡಳಿತ

ಆರಂಭದಲ್ಲೇ ಒಂದು ಕಳಂಕ ಅಂಟಿತು. ಐಸ್‌ಲ್ಯಾಂಡಿಗರು ವಿದೇಶಗಳಲ್ಲಿ ಬಚ್ಚಿಟ್ಟ ಸಂಪತ್ತಿನ ಕುರಿತ ವರದಿಯೊಂದು ಚುನಾವಣೆಗೆ ಮುಂಚೆಯೇ ಬ್ಯಾರ್ನಿ ಅವರ ಸಚಿವಾಲಯದ ಕೈಸೇರಿದ್ದರೂ ಹೊರಬಂದದ್ದು ಜನವರಿಯಲ್ಲಿ. ಅದು ಯಾವಾಗ ಬಂತೆಂದು ತಾವು ಮೊದಲು ಹೇಳಿದ್ದು ಸರಿಯಿರಲಿಲ್ಲವೆಂದು ಅವರು ಕ್ಷಮೆ ಕೇಳಿದರು. ಮೀನುಗಾರರ ಸುಮಾರು ಹತ್ತು ವಾರಗಳ ಮುಷ್ಕರ ಫೆಬ್ರುವರಿಯಲ್ಲಿ ಮುಗಿಯಿತು. 2008ರಿಂದ ಜಾರಿಯಲ್ಲಿದ್ದ ಬಂಡವಾಳ ನಿರ್ಬಂಧಗಳಲ್ಲಿ ಹೆಚ್ಚಿನವು ಮಾರ್ಚ್ 14ರಂದು ತೆರವಾದವು.

ಈ ಅಲ್ಪಾವಧಿಯ ಗಟ್ಟಿ ಸಾಧನೆ ಸಮಾನ ವೇತನ ಪ್ರಮಾಣೀಕರಣ ಕಾಯಿದೆ. ಸಮಾಜ ಕಲ್ಯಾಣ ಸಚಿವ ಥೋರ್ಸ್ಟೇನ್ ವಿಗ್ಲುಂಡ್ಸನ್ ಮಂಡಿಸಿದ ಈ ಮಸೂದೆಗೆ ಆಲ್ತಿಂಗ್ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಕಾಯಿದೆ 2018ರ ಜನವರಿ 1ರಿಂದ ಜಾರಿಗೆ ಬಂತು. 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಒಂದೇ ಮೌಲ್ಯದ ಕೆಲಸಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲದೆ ಒಂದೇ ಸಂಬಳ ಕೊಡುತ್ತಿವೆಯೆಂದು ತಪಾಸಣೆಗೊಳಗಾಗಿ ಪ್ರಮಾಣಪತ್ರ ಪಡೆಯಬೇಕೆಂದು ಅದು ವಿಧಿಸಿತು. ಅನ್ಯಾಯವಾಗಿದೆ ಎಂದು ನೌಕರಳು ಸಾಬೀತು ಮಾಡುವ ಬದಲು, ಅನ್ಯಾಯ ಮಾಡಿಲ್ಲವೆಂದು ಮಾಲೀಕನೇ ತೋರಿಸಬೇಕಾಯಿತು. ಕಾಯಿದೆಯ ಹಿರಿಮೆ ಇರುವುದು ಇಲ್ಲಿಯೇ.

ಅದೇ ಸಮಯದಲ್ಲಿ ನ್ಯಾಯ ಸಚಿವೆ ಸಿಗ್ರಿದುರ್ ಆಂಡರ್ಸನ್ ಹೊಸ ಮೇಲ್ಮನವಿ ನ್ಯಾಯಾಲಯದ 15 ನ್ಯಾಯಾಧೀಶರ ಪಟ್ಟಿಯಲ್ಲಿ ತಜ್ಞರ ಸಮಿತಿ ಶಿಫಾರಸು ಮಾಡಿದ್ದ ನಾಲ್ವರನ್ನು ಬಿಟ್ಟು ಬೇರೆ ನಾಲ್ವರನ್ನು ಸೇರಿಸಿದರು. ಈ ನೇಮಕದಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆಯೆಂದು ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಅದರ ಬೆನ್ನಿಗೇ ಸಿಗ್ರಿದುರ್ ರಾಜೀನಾಮೆ ಕೊಟ್ಟರು. 2020ರ ಡಿಸೆಂಬರ್‌ನಲ್ಲಿ ಹಿರಿಯ ಪೀಠವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಪತನ

ಐಸ್‌ಲ್ಯಾಂಡ್‌ನ 1940ರ ದಂಡ ಸಂಹಿತೆಯಲ್ಲಿ, ಶಿಕ್ಷೆ ಅನುಭವಿಸಿ ಮುಗಿಸಿದವರಿಗೆ ‘ಗೌರವ ಮರಳಿಸುವ’ ವಿಧಿಯೊಂದಿತ್ತು. ವರ್ಷಗಳು ಕಳೆದ ಮೇಲೆ ಅಪರಾಧಿ ಅರ್ಜಿ ಹಾಕಿಕೊಂಡು, ತನ್ನ ಸನ್ನಡತೆಗೆ ಗಣ್ಯರ ಶಿಫಾರಸು ಪತ್ರ ಲಗತ್ತಿಸಿದರೆ, ಕಳೆದುಕೊಂಡ ನಾಗರಿಕ ಹಕ್ಕುಗಳು ಮತ್ತೆ ಸಿಗುತ್ತಿದ್ದವು. ಸಚಿವಾಲಯ ತೀರ್ಮಾನಿಸುತ್ತಿತ್ತು, ಅಧ್ಯಕ್ಷರು ಸಹಿ ಹಾಕುತ್ತಿದ್ದರು. ಯಾರು ಶಿಫಾರಸು ಮಾಡಿದರೆಂಬುದು ಕಡತದಲ್ಲೇ ಉಳಿಯುತ್ತಿತ್ತು.

ಹದಿಹರೆಯದ ಹುಡುಗಿಯರ ಮೇಲೆ ದೌರ್ಜನ್ಯ ಎಸಗಿ ಶಿಕ್ಷೆಗೊಳಗಾಗಿದ್ದ ವಕೀಲನೊಬ್ಬನಿಗೆ ಹೀಗೆ ‘ಗೌರವ’ ಮರಳಿ, 2017ರ ಜೂನ್‌ನಲ್ಲಿ ವಕಾಲತ್ತಿನ ಪರವಾನಗಿಯೂ ಸಿಕ್ಕಿತು. ಅವನಿಂದ ನೊಂದ ಯುವತಿಯರು ಈಗ ಹೆಸರು ಹೇಳಿಕೊಂಡು ಮುಂದೆ ಬಂದರು. ಇವನ ಪರವಾಗಿ ಸಹಿ ಹಾಕಿದವರು ಯಾರು ಎಂದು ಅವರೂ ಅವರ ತಂದೆತಾಯಿಯರೂ ಕೇಳಿದರು. ‘ದನಿ ಎತ್ತೋಣ’ ಎಂಬ ಘೋಷಣೆ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು. ಸಚಿವಾಲಯ ಹೆಸರು ಕೊಡಲು ಒಪ್ಪಲಿಲ್ಲ. ಸಾರ್ವಜನಿಕ ಪ್ರಸಾರ ಸಂಸ್ಥೆ ರೂವ್ ಮೇಲ್ಮನವಿ ಹೋಯಿತು. ದಾಖಲೆಗಳನ್ನು ಕೊಡಲೇಬೇಕೆಂದು ಮಾಹಿತಿ ಹಕ್ಕಿನ ಮೇಲ್ಮನವಿ ಸಮಿತಿ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು.

ಸೆಪ್ಟೆಂಬರ್ 14ರಂದು ಪ್ರಧಾನಿಯ ತಂದೆಯೇ ಹೇಳಿಕೆ ಹೊರಡಿಸಿದರು. ಮಲಮಗಳ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗಿ 2004ರಲ್ಲಿ ಐದೂವರೆ ವರ್ಷದ ಶಿಕ್ಷೆಗೊಳಗಾಗಿದ್ದ ಇನ್ನೊಬ್ಬನ ಅರ್ಜಿಗೆ ತಾವು ಶಿಫಾರಸು ಪತ್ರ ಕೊಟ್ಟಿದ್ದಾಗಿ ಒಪ್ಪಿಕೊಂಡು ಕ್ಷಮೆ ಕೋರಿದರು. ಅದಕ್ಕಿಂತ ದೊಡ್ಡ ಆಘಾತ ಅದೇ ದಿನ ನ್ಯಾಯ ಸಚಿವೆಯ ಟಿವಿ ಸಂದರ್ಶನದಿಂದ ಬಂತು. ಈ ಸಂಗತಿಯನ್ನು ತಾವು ಜುಲೈನಲ್ಲೇ ಪ್ರಧಾನಿಗೆ ತಿಳಿಸಿದ್ದಾಗಿ ಅವರು ಹೇಳಿದರು. ಸಚಿವಾಲಯ ನೊಂದವರಿಗೆ ‘ಹೆಸರು ಕೊಡಲಾಗದು’ ಎನ್ನುತ್ತಿದ್ದ ದಿನಗಳಲ್ಲಿ ಒಂದು ಹೆಸರು ಪ್ರಧಾನಿಗೆ ಗೊತ್ತಿತ್ತು. ಅದು ಅವರ ಸ್ವಂತ ತಂದೆಯದು. ಮಿತ್ರಪಕ್ಷಗಳಿಗೂ ಬೇಸಿಗೆಯುದ್ದಕ್ಕೂ ಇದು ತಿಳಿದಿರಲಿಲ್ಲ. ಪತ್ರ ಬರೆದದ್ದು ಮಗನ ತಪ್ಪಲ್ಲ, ಬಚ್ಚಿಟ್ಟದ್ದು ಮಾತ್ರ ಅವರದೇ. ಅಂದು ರಾತ್ರಿ ಉಜ್ವಲ ಭವಿಷ್ಯದ ಆಡಳಿತ ಮಂಡಳಿ ಸಭೆ ಸೇರಿತು. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಗಂಭೀರ ವಿಶ್ವಾಸಭಂಗವಾಗಿದೆಯೆಂದು ಮೈತ್ರಿಯಿಂದ ಹೊರಬಂದದ್ದನ್ನು ಪ್ರಕಟಿಸಿತು. ಗೌಪ್ಯತೆಗೆ ಬದ್ಧನಾಗಿದ್ದೆ ಎಂದು ಬ್ಯಾರ್ನಿ ಸಮರ್ಥಿಸಿಕೊಂಡರೂ ಹೊಸ ಚುನಾವಣೆ ಬಿಟ್ಟು ಬೇರೆ ದಾರಿ ಇರಲಿಲ್ಲ.

ವಿಸರ್ಜನೆಗೆ ಮುನ್ನ, ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಆಲ್ತಿಂಗ್ ‘ಗೌರವ ಮರಳಿಸುವ’ ವಿಧಿಯನ್ನು ಕಾಯಿದೆಯಿಂದಲೇ ತೆಗೆದುಹಾಕಿತು. ನೊಂದವರ ಹೋರಾಟಕ್ಕೆ ಸಂದ ನಿಜವಾದ ಗೆಲುವು ಇದು.

ನಂತರ

ಅಕ್ಟೋಬರ್ 28ರ ಚುನಾವಣೆಯಲ್ಲಿ ಸ್ವಾತಂತ್ರ್ಯ ಪಕ್ಷ 16 ಸ್ಥಾನಕ್ಕೆ, ಸುಧಾರಣಾ ಪಕ್ಷ 4ಕ್ಕೆ ಇಳಿದವು. ಮೈತ್ರಿ ಮುರಿದ ಉಜ್ವಲ ಭವಿಷ್ಯಕ್ಕೆ ಸಿಕ್ಕಿದ್ದು ಶೇ. 1.2 ಮತ, ಒಂದು ಸ್ಥಾನವೂ ಬರಲಿಲ್ಲ. ಆಲ್ತಿಂಗ್‌ನಲ್ಲಿ ಮಹಿಳೆಯರ ಸಂಖ್ಯೆ 30ರಿಂದ 24ಕ್ಕೆ ಕುಸಿಯಿತು. ಮಹಿಳೆಯರ ದನಿಯಿಂದಲೇ ಬಂದ ಚುನಾವಣೆಯಲ್ಲಿ ಹೀಗಾದದ್ದು ನೋವಿನ ಸಂಗತಿ. ನವೆಂಬರ್ 30ರಂದು ಕತ್ರಿನ್ ಯಾಕೋಬ್ಸ್‌ಡೊಟ್ಟಿರ್ ಸ್ವಾತಂತ್ರ್ಯ ಮತ್ತು ಪ್ರಗತಿಪರ ಪಕ್ಷಗಳ ಜೊತೆ ಸರ್ಕಾರ ರಚಿಸಿದರು. ಬ್ಯಾರ್ನಿ ಅದರಲ್ಲಿ ಹಣಕಾಸು ಸಚಿವರಾದರು. ಸರ್ಕಾರ ಮಾರಿದ ಬ್ಯಾಂಕ್ ಷೇರುಗಳನ್ನು ಕೊಂಡವರಲ್ಲಿ ಅವರ ತಂದೆಯ ಕಂಪನಿಯೂ ಇದ್ದುದರಿಂದ, ಸಂಸದೀಯ ಒಂಬುಡ್ಸ್‌ಮನ್ ಅಭಿಪ್ರಾಯದ ನಂತರ 2023ರ ಅಕ್ಟೋಬರ್‌ನಲ್ಲಿ ಆ ಖಾತೆ ಬಿಟ್ಟುಕೊಟ್ಟರು. 2024ರ ಏಪ್ರಿಲ್‌ನಲ್ಲಿ ಮತ್ತೆ ಪ್ರಧಾನಿಯಾದರು. ಆ ಮೈತ್ರಿಯೂ ಅಕ್ಟೋಬರ್‌ನಲ್ಲಿ ಮುರಿಯಿತು, ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. 2025ರ ಜನವರಿಯಲ್ಲಿ ಬ್ಯಾರ್ನಿ ಪಕ್ಷದ ನಾಯಕತ್ವದಲ್ಲಿ ಮುಂದುವರಿಯುವುದಿಲ್ಲವೆಂದೂ ಆಲ್ತಿಂಗ್‌ನಲ್ಲಿ ತಮ್ಮ ಸ್ಥಾನ ವಹಿಸಿಕೊಳ್ಳುವುದಿಲ್ಲವೆಂದೂ ಪ್ರಕಟಿಸಿದರು.