ಹೆಂಗಸರೆಲ್ಲ ಒಂದಾದಾಗ: ಒಂದು ಪಾಠ, ಒಂದು ಚಳವಳಿ, ಒಂದು ಸಾಕ್ಷ್ಯಚಿತ್ರ

ಸಾಕ್ಷ್ಯಚಿತ್ರ ಅಂದ ಕೂಡಲೇ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ನ್ಯೂಸ್ ರೀಲು. ಕೇಂದ್ರ ಸರ್ಕಾರ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಎಂಬ ಸಂಸ್ಥೆ ಶುರು ಮಾಡಿತು. ಅದು ತಯಾರಿಸಿ ಕಳಿಸಿದ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಟಾಕೀಸಿನವರು ಸಿನಿಮಾಕ್ಕೆ ಮೊದಲು ತೋರಿಸಲೇಬೇಕಿತ್ತು, ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕಿತ್ತು. ಆದವಾನಿಯಾಗಲಿ ಬಳ್ಳಾರಿಯಾಗಲಿ, ರಾಜಕುಮಾರ್ ಸಿನಿಮಾ ಆಗಲಿ ಎನ್‌ಟಿಆರ್ ಸಿನಿಮಾ ಆಗಲಿ, ಮೊದಲು ಬರುತ್ತಿದ್ದದ್ದು ಕಪ್ಪು ಬಿಳುಪಿನಲ್ಲಿ ಎಲ್ಲೋ ಒಂದು ಅಣೆಕಟ್ಟೆಯ ಉದ್ಘಾಟನೆ, ಎಲ್ಲೋ ಬಂದ ಪ್ರವಾಹ, ಮಂತ್ರಿಗಳ ವಿದೇಶ ಪ್ರವಾಸ. "ನ್ಯೂಸ್ ರೀಲು ಮುಗೀತೇನಪ್ಪಾ?" ಅಂತ ಕೇಳಿಕೊಂಡೇ ಒಳಗೆ ಹೋಗುವ ಜನ ಹೆಚ್ಚು. ಹಾಗಾಗಿ ಸಾಕ್ಷ್ಯಚಿತ್ರ ಅಂದರೆ ಸರ್ಕಾರದ ಉಪದೇಶ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಆ ಫಿಲ್ಮ್ಸ್ ಡಿವಿಷನ್ನನ್ನು 2022ರಲ್ಲಿ ಎನ್‌ಎಫ್‌ಡಿಸಿಯಲ್ಲಿ ವಿಲೀನ ಮಾಡಿದರು. ಅದರ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಕನ್ನಡದ ಪದವನ್ನು ಒಮ್ಮೆ ಗಮನಿಸಿ. ಸಾಕ್ಷ್ಯ... ಅಂದರೆ ಯಾರೋ ಒಬ್ಬರು ನಿಂತು "ಹೌದು, ಇದು ನಡೆದದ್ದು, ನಾನು ಕಂಡಿದ್ದೇನೆ" ಅಂತ ಹೇಳುವುದು. ತುಂಗಭದ್ರಾ ಕಾಲುವೆಯ ನೀರು ನಮ್ಮ ಆಲೂರು, ಆದವಾನಿ ಸೀಮೆಗೂ ಬರುತ್ತದೆ. ಅಣೆಕಟ್ಟೆ ಕಟ್ಟಿದ್ದಕ್ಕೆ, ಗುಂಡಿ ಒತ್ತಿ ಉದ್ಘಾಟನೆ ಮಾಡಿದವರಿಗೆ ಸಾಕ್ಷಿಗಳು ಬೇಕಾದಷ್ಟಿವೆ. ಕಲ್ಲು ಮಣ್ಣು ಹೊತ್ತವರಿಗೆ ಯಾರು ಸಾಕ್ಷಿ? ಈ ಪ್ರಶ್ನೆ ಕೇಳಿಕೊಂಡ ಕೆಲವರು 1980ರ ಸುಮಾರಿಗೆ ಕ್ಯಾಮೆರಾ ಹಿಡಿದು ಬೇರೆ ದಿಕ್ಕಿಗೆ ನಡೆದರು. ಅವರು ಮಾಡಿದ ಚಿತ್ರಗಳನ್ನು ನೋಡಿದ ಮೇಲೆ ಊರನ್ನು, ಮನೆಯನ್ನು, ಇತಿಹಾಸವನ್ನು ನೋಡುವ ನಮ್ಮ ಕಣ್ಣೇ ಬದಲಾಗುತ್ತದೆ ಅಂದರೆ ಉತ್ಪ್ರೇಕ್ಷೆಯಲ್ಲ. ಅಂಥ ಒಂದು ಚಿತ್ರದ ಬಗ್ಗೆ, ಅದರ ಹಿಂದಿನ ಇತಿಹಾಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನಿಪ್ಪಾಣಿಯ ವಿಷಯ ಸ್ವಲ್ಪ ಹೇಳಬೇಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯೂ ಗಡಿಯ ಊರು. ನಮ್ಮದಕ್ಕೆ ಸರಿಯಾಗಿ ತಿರುವುಮುರುವು. ಅಲ್ಲಿ ಕರ್ನಾಟಕದೊಳಗೆ ಮರಾಠಿ ಮಾತಾಡುವ ಜನ, ಇಲ್ಲಿ ಆಂಧ್ರದೊಳಗೆ ಕನ್ನಡ ಮಾತಾಡುವ ನಾವು. ನಿಪ್ಪಾಣಿಯ ತಂಬಾಕಿನ ಕಾರ್ಖಾನೆಗಳಲ್ಲಿ ದಿನವಿಡೀ ಆ ಘಾಟು ದೂಳಿನಲ್ಲಿ ದುಡಿಯುತ್ತಿದ್ದವರು ಹೆಂಗಸರು. ಅವರು ಸಂಘ ಕಟ್ಟಿಕೊಂಡು ಮುಷ್ಕರ ಹೂಡಿದರು. ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಸೇರಿ ಬೆಂಗಳೂರಿನಲ್ಲಿ 1980ರಲ್ಲಿ ಕಟ್ಟಿದ್ದ 'ಯುಗಾಂತರ್' ಎಂಬ ತಂಡ ಆ ಹೆಂಗಸರ ಜೊತೆ ತಿಂಗಳುಗಟ್ಟಲೆ ಇದ್ದು, ಅವರ ಮಾತು ಕೇಳಿ, 1982ರಲ್ಲಿ ಒಂದು ಚಿತ್ರ ಮಾಡಿತು. ಇಂಗ್ಲಿಷಿನಲ್ಲಿ ಅದರ ಹೆಸರು 'ಟೊಬ್ಯಾಕೊ ಎಂಬರ್ಸ್'. ಅದೇ ತಂಡ 1983ರಲ್ಲಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯೊಂದಿಗೆ ಸೇರಿ 'ಇದಿ ಕಥಾ ಮಾತ್ರಮೇನಾ' ಅಂತ ತೆಲುಗಿನಲ್ಲೂ ಒಂದು ಚಿತ್ರ ಮಾಡಿತು. ಮನೆಯೊಳಗೆ ಹೆಂಗಸು ಅನುಭವಿಸುವ ಹಿಂಸೆ ಅದರ ವಸ್ತು. ಕೂಲಿ ಹೆಂಗಸು ಕ್ಯಾಮೆರಾದ ಎದುರು ನಿಂತು ತನ್ನ ಕಥೆಯನ್ನು ತಾನೇ ಹೇಳುವ ದಾರಿ ಹೀಗೆ ತೆರೆಯಿತು.

ಈಗ ನೆಲ್ಲೂರಿಗೆ ಬರೋಣ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆ ಅನ್ನಿಸಿಕೊಂಡ ಮೇಲೆ ಬೇರೆ ಜಿಲ್ಲೆಗಳಲ್ಲೂ ಆಂದೋಲನ ನಡೆಸಿದರು. ನೆಲ್ಲೂರಿನಲ್ಲಿ ಅದು 1991ರಲ್ಲಿ ನಡೆಯಿತು. ಸಂಜೆ ಹೊತ್ತು ಕೂಲಿ ಮುಗಿಸಿ ಬಂದವರನ್ನು ಕೂರಿಸಿಕೊಂಡು ಅಕ್ಷರ ಕಲಿಸುವುದು. ಕಲಿಯಲು ಬಂದವರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿನ ವಾಚಕದಲ್ಲಿ ಅವರ ಬದುಕಿನದೇ ಪಾಠಗಳಿದ್ದವು. ಅದರಲ್ಲಿ ಒಂದು ಸೀತಮ್ಮ ಎಂಬ ಹೆಂಗಸಿನ ಕಥೆ. ಗಂಡನ ಕುಡಿತದಿಂದ ಹಾಳಾದ ಸಂಸಾರದ ಕಥೆ ಅದು.

ಅಕ್ಷರ ಓದಲು ಕಲಿಯುವ ನೆಪದಲ್ಲಿ ಈ ಪಾಠವನ್ನು ಮತ್ತೆ ಮತ್ತೆ ಓದಿದ ಹೆಂಗಸರಿಗೆ ಅದು ಬೇರೆ ಯಾರದೋ ಕಥೆ ಅಂತ ಅನ್ನಿಸಲಿಲ್ಲ. ಯಾಕೆಂದರೆ ಆಗಿನ ಪರಿಸ್ಥಿತಿ ಹಾಗಿತ್ತು. 1980ರ ದಶಕದಲ್ಲಿ ಸರ್ಕಾರ 'ವಾರುಣಿ ವಾಹಿನಿ' ಎಂಬ ಯೋಜನೆ ತಂದು ಸಾರಾಯಿಯನ್ನು ಪ್ಯಾಕೆಟಿನಲ್ಲಿ ಊರೂರಿಗೆ ತಲುಪಿಸುವ ವ್ಯವಸ್ಥೆ ಮಾಡಿತ್ತು. ಕುಡಿಯುವ ನೀರು ಬಾರದ ಊರಿಗೂ ಸಾರಾಯಿ ಪ್ಯಾಕೆಟ್ ತಪ್ಪದೆ ಬರುತ್ತಿತ್ತು ಅಂತ ಜನ ಆಡಿಕೊಳ್ಳುತ್ತಿದ್ದರು. 1970-71ರಲ್ಲಿ ಆಂಧ್ರದ ಅಬಕಾರಿ ಆದಾಯ 40 ಕೋಟಿ ರೂಪಾಯಿಯೂ ಇರಲಿಲ್ಲ. 1991-92ರ ಹೊತ್ತಿಗೆ ಅದು 800 ಕೋಟಿ ದಾಟಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಜನ ಕೂಲಿಯವರ ದಿನಗೂಲಿ, ಎಷ್ಟು ಮನೆಗಳ ರೊಟ್ಟಿ ಹಿಟ್ಟು ಸೇರಿಹೋಗಿದೆ ಎಂಬುದನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡಲಿಲ್ಲ.

ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಹೆಂಗಸರು ಎದ್ದು ನಿಂತರು. ವರ್ಧಿನೇನಿ ರೋಸಮ್ಮ ಅವರ ಮುಂದಾಳು. ಗುಂಪು ಕಟ್ಟಿಕೊಂಡು ಹೋಗಿ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಇಲ್ಲಿಗೆ ಮುಗಿದಿದ್ದರೆ ಅದು ಒಂದು ಊರಿನ ಸುದ್ದಿಯಾಗಿ ಉಳಿಯುತ್ತಿತ್ತು. ಆದರೆ ಸಾಕ್ಷರತಾ ಆಂದೋಲನದವರು ಒಂದು ಜಾಣತನದ ಕೆಲಸ ಮಾಡಿದರು. ಮುಂದಿನ ವಾಚಕದಲ್ಲಿ ದೂಬಗುಂಟದ ಕಥೆಯನ್ನೇ ಪಾಠವಾಗಿ ಹಾಕಿದರು. ಪಾಠದ ಹೆಸರು 'ಆಡವಾಳ್ಳು ಏಕಮೈತೇ', ಅಂದರೆ ಹೆಂಗಸರು ಒಂದಾದರೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲು ಒಂದು ಪಾಠ ಒಂದು ಊರನ್ನು ಎಬ್ಬಿಸಿತು. ಆಮೇಲೆ ಆ ಊರೇ ಪಾಠವಾಗಿ ಜಿಲ್ಲೆಯನ್ನು ಎಬ್ಬಿಸಿತು. ಪಾಠ ಓದಿದ ಹೆಂಗಸರು ತಮ್ಮ ಊರಿನಲ್ಲೂ ಅದನ್ನೇ ಮಾಡಿದರು. ಪೊರಕೆ, ಖಾರದ ಪುಡಿ ಹಿಡಿದು ಸಾರಾಯಿ ಗಾಡಿಗಳನ್ನು ತಡೆದರು. ಪ್ಯಾಕೆಟುಗಳನ್ನು ಹರಿದು ಚೆಲ್ಲಿದರು. 1992ರಲ್ಲಿ ನೆಲ್ಲೂರಿನ ಸಾರಾಯಿ ಹರಾಜನ್ನು ಅಧಿಕಾರಿಗಳು ಮತ್ತೆ ಮತ್ತೆ ಮುಂದೂಡಬೇಕಾಯಿತು. 'ಈನಾಡು' ಪತ್ರಿಕೆ ಈ ಸುದ್ದಿಗಳನ್ನು ರಾಜ್ಯಕ್ಕೆಲ್ಲ ಹಂಚಿತು. 1993ರ ಏಪ್ರಿಲ್ 15ರಿಂದ ನೆಲ್ಲೂರು ಜಿಲ್ಲೆಯಲ್ಲಿ, ಅಕ್ಟೋಬರ್ 1ರಿಂದ ಇಡೀ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಕರ್ನೂಲು ಜಿಲ್ಲೆಯವರೇ ಆದ ಕೋಟ್ಲ ವಿಜಯಭಾಸ್ಕರ ರೆಡ್ಡಿ.

ಈ ಇತಿಹಾಸವನ್ನು ಹಿಡಿದಿಟ್ಟ ಸಾಕ್ಷ್ಯಚಿತ್ರ 'ವೆನ್ ವಿಮೆನ್ ಯುನೈಟ್'. 1996ರದು, ಸುಮಾರು 80 ನಿಮಿಷ. ನಿರ್ದೇಶಿಸಿದವರು ಶಬನಮ್ ವಿರ್ಮಾನಿ. (ಇವರೇ ಮುಂದೆ ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿದ್ದುಕೊಂಡು ಕಬೀರನ ಹಾದಿಯಲ್ಲಿ ತಿರುಗಿ 2008ರಲ್ಲಿ 'ಹದ್ ಅನ್‌ಹದ್' ಮೊದಲಾದ ಚಿತ್ರಗಳನ್ನು ಮಾಡಿದವರು.) ಈ ಚಿತ್ರದಲ್ಲಿ ದೊಡ್ಡ ಗಂಟಲಿನ ನಿರೂಪಕ ಬಂದು ಉಪದೇಶ ಮಾಡುವುದಿಲ್ಲ. ಚಳವಳಿ ಮಾಡಿದ ಹೆಂಗಸರೇ ಮಾತಾಡುತ್ತಾರೆ. ಆಗಿಹೋದ ಘಟನೆಗಳನ್ನು ಮತ್ತೆ ಅಭಿನಯಿಸಿಯೂ ತೋರಿಸಲಾಗಿದೆ.

"ಅಭಿನಯಿಸಿದ ಮೇಲೆ ಅದು ಸಾಕ್ಷ್ಯ ಹೇಗಾಗುತ್ತದೆ?" ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಈ ಪ್ರಶ್ನೆಗೆ ಸಾಕ್ಷ್ಯಚಿತ್ರದಷ್ಟೇ ವಯಸ್ಸಾಗಿದೆ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಮಾಡಿದ 'ನಾನೂಕ್ ಆಫ್ ದಿ ನಾರ್ತ್' ಚಿತ್ರವನ್ನು ಈ ಪ್ರಕಾರದ ಮೊದಲ ಹೆಜ್ಜೆಗಳಲ್ಲಿ ಒಂದು ಅನ್ನುತ್ತಾರೆ. ಅದರಲ್ಲಿ ಹಿಮದ ಗುಡಿಸಲಿನ ಒಳಗೆ ಬೆಳಕು ಸಾಲದೆ ಅರ್ಧ ಗುಡಿಸಲನ್ನೇ ಕಟ್ಟಿಸಿ ಚಿತ್ರ ತೆಗೆದರು. ಬಂದೂಕು ಬಳಸುತ್ತಿದ್ದ ಜನರ ಕೈಗೆ ಹಳೆಯ ಈಟಿ ಕೊಟ್ಟು ಬೇಟೆ ಆಡಿಸಿದರು. ಅಲ್ಲಿ ಹೊರಗಿನಿಂದ ಬಂದವನು ತನಗೆ ಬೇಕಾದ ಬದುಕನ್ನು ಅವರಿಂದ ಆಡಿಸಿದ. ನೆಲ್ಲೂರಿನ ಚಿತ್ರದಲ್ಲಿ ಆಟಕ್ಕೆ ಆಧಾರ ಆ ಹೆಂಗಸರದೇ ನೆನಪು. ಸಾರಾಯಿ ಅಂಗಡಿ ಮುಚ್ಚಿಸಿದ ದಿನ ಅಲ್ಲಿ ಯಾವ ಕ್ಯಾಮೆರಾ ಇತ್ತು ಹೇಳಿ? ಬಡವರ ಇತಿಹಾಸಕ್ಕೆ ಶಾಸನ ಇರುವುದಿಲ್ಲ, ತಾಮ್ರಪಟ ಇರುವುದಿಲ್ಲ. ಇರುವುದು ನೆನಪು ಮತ್ತು ಮಾತು. ಅದನ್ನು ಹಾಳಾಗುವ ಮುಂಚೆ ಹಿಡಿದಿಡುವುದೇ ಇಲ್ಲಿ ಆಗಿರುವ ಕೆಲಸ. ರೋಸಮ್ಮ 2016ರಲ್ಲಿ ತೀರಿಕೊಂಡರು. ಚಿತ್ರ ಉಳಿದಿದೆ.

ಇರಲಿ. ಗೆದ್ದ ಕಥೆ ಹೇಳಿ ಚಪ್ಪಾಳೆ ಹೊಡೆದು ಎದ್ದು ಹೋಗುವುದು ಸುಲಭ. ಆಮೇಲೆ ಏನಾಯಿತು ಅಂತಲೂ ಹೇಳಬೇಕು. 1994ರ ಡಿಸೆಂಬರಿನಲ್ಲಿ ಎನ್.ಟಿ. ರಾಮರಾವ್ ಅಧಿಕಾರಕ್ಕೆ ಬಂದು 1995ರ ಜನವರಿಯಿಂದ ಸಂಪೂರ್ಣ ಪಾನನಿಷೇಧ ತಂದರು. ಎರಡೇ ವರ್ಷಕ್ಕೆ, 1997ರಲ್ಲಿ, ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ಖಜಾನೆಗೆ ನಷ್ಟ, ಪಕ್ಕದ ರಾಜ್ಯಗಳಿಂದ ಕಳ್ಳಸಾಗಣೆ, ಇವು ಕಾರಣ ಅಂದರು. ಪಕ್ಕದ ರಾಜ್ಯ ಅಂದರೆ ನಮ್ಮ ಪಾಲಿಗೆ ಕರ್ನಾಟಕ ತಾನೇ? ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು, ನಮಗಿಂತ ಸುಮಾರು 14 ವರ್ಷ ತಡವಾಗಿ. 2019ರ ನಂತರ ಆಂಧ್ರದಲ್ಲಿ ಮದ್ಯದ ಬೆಲೆ ಏರಿದಾಗ ಕರ್ನಾಟಕದ ಪ್ಯಾಕೆಟುಗಳು ಕರ್ನೂಲು ಜಿಲ್ಲೆಯೊಳಕ್ಕೆ ಕಳ್ಳದಾರಿಯಲ್ಲಿ ಬಂದದ್ದನ್ನು ಪತ್ರಿಕೆಗಳಲ್ಲಿ ಓದಿಯೇ ಇದ್ದೇವೆ. ಭಾಷೆಗೆ ಗಡಿ ಹಾಕಬಹುದು, ಕುಡಿತಕ್ಕೆ ಗಡಿ ಇಲ್ಲ.

ಹಾಗಾದರೆ ಆ ಹೆಂಗಸರು ಸೋತರೇ? ನನಗೆ ಹಾಗನ್ನಿಸುವುದಿಲ್ಲ. ಬೇರೆ ಮದ್ಯಗಳು ವಾಪಸು ಬಂದವು, ನಿಜ. ಆದರೆ ಅವರು ಮೊದಲು ಕೇಳಿದ್ದು ಸಾರಾಯಿ ನಿಲ್ಲಿಸಿ ಅಂತ. ಸಡಿಲಿಕೆಯ ನಂತರವೂ ಆ ಹಳೆಯ ಸಾರಾಯಿ ಹರಾಜನ್ನು ಯಾವ ಸರ್ಕಾರವೂ ಮತ್ತೆ ತರಲಿಲ್ಲ. ಇನ್ನೊಂದು ಮಾತು. ಹಣ, ಹರಾಜು, ಗುತ್ತಿಗೆದಾರರು, ಅಧಿಕಾರಿಗಳು ಎಲ್ಲ ಒಂದು ಕಡೆ ಇದ್ದಾಗ, ಆಗತಾನೇ ಅಕ್ಷರ ಕೂಡಿಸಿ ಓದಲು ಕಲಿತವರು ಎದುರು ನಿಂತು ಸರ್ಕಾರದ ತೀರ್ಮಾನವನ್ನು ಬದಲಿಸಿದರು. ಅದು ಆಯಿತು ಎಂಬುದಕ್ಕೆ ಸಾಕ್ಷಿ ಇದೆ. "ನಮ್ಮ ಕೈಲಿ ಏನಾಗುತ್ತದೆ ಬಿಡಿ" ಅನ್ನುವ ಮಾತನ್ನು ಈ ಚಿತ್ರ ನೋಡಿದವರು ಮೊದಲಿನಷ್ಟು ಸಲೀಸಾಗಿ ಆಡಲಾರರು. ಬದುಕನ್ನು ನೋಡುವ ಬಗೆ ಬದಲಾಗುವುದು ಅಂದರೆ ಇಷ್ಟೇ ಅಂತ ಕಾಣುತ್ತದೆ.

ಅಂದಹಾಗೆ ಒಂದು ಕಾಕತಾಳೀಯ. ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ರಾಜ್ಯದಲ್ಲಿ ಸಾರಾಯಿ ನಿಂತದ್ದು 1993ರ ಅಕ್ಟೋಬರ್ 1ರಂದು. ಸರಿಯಾಗಿ 40 ವರ್ಷ. ಮೊದಲನೆಯದನ್ನು ನಾವು ಮರೆಯುವುದಿಲ್ಲ, ಮರೆಯಲೂ ಬಾರದು. ಕನ್ನಡ ಶಾಲೆ, ಕನ್ನಡ ಪುಸ್ತಕ, ಕನ್ನಡ ಮೇಷ್ಟ್ರು ಅಂತ ಇವತ್ತಿಗೂ ಕೇಳಿ ಪಡೆಯಬೇಕಾಗಿರುವುದು ಆ ದಿನದಿಂದಲೇ. ಆದರೆ ಎರಡನೆಯದೂ ನಮ್ಮದೇ ಇತಿಹಾಸ. ಭಾಷೆ ಬೇರೆ ಎಂಬ ಕಾರಣಕ್ಕೆ ದೂಬಗುಂಟದ ರೋಸಮ್ಮ ನಮಗೆ ಪರಕೀಯಳಲ್ಲ.

ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಅಮ್ಮಂದಿರು, ಅಕ್ಕಂದಿರು ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗಿ ತರಗತಿಗಳು ಬರಿದಾಗುತ್ತವೆ. ಹತ್ತಿ ಬಿಡಿಸುವವರೂ ಅವರೇ, ನೀರು ಹೊರುವವರೂ ಅವರೇ. ಅವರ ಮೇಲೆ ಯಾವ ಪಾಠವೂ ಇಲ್ಲ, ಯಾವ ಚಿತ್ರವೂ ಬಂದಂತಿಲ್ಲ. ಪಾಠದಲ್ಲಿ ತನ್ನನ್ನು ತಾನು ಕಂಡ ಹೆಂಗಸು ಏನು ಮಾಡಬಲ್ಲಳು ಅಂತ ನೆಲ್ಲೂರು ತೋರಿಸಿದೆ. ಹಾಗಾಗಿ ಮೇಷ್ಟ್ರುಗಳಿಗೆ ನನ್ನದೊಂದು ಸಲಹೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಸ್ವಾತಂತ್ರ್ಯ ಚಳವಳಿಯ ಪಾಠ ಮುಗಿದ ಮೇಲೆ ಈ ಚಿತ್ರ ಸಿಕ್ಕರೆ ತೋರಿಸಿ, ಸಿಗದಿದ್ದರೆ ಕಥೆಯನ್ನಾದರೂ ಹೇಳಿ. ಆಮೇಲೆ ಮನೆಗೆ ಹೋಗಿ ಅವ್ವನ ಹತ್ತಿರ, ಅಜ್ಜಿಯ ಹತ್ತಿರ ಒಂದು ಪ್ರಶ್ನೆ ಕೇಳಿ ಬರೆದುಕೊಂಡು ಬರಲು ಹೇಳಿ: "ನಿನ್ನ ಕಾಲದಲ್ಲಿ ಊರಿನ ಹೆಂಗಸರೆಲ್ಲ ಸೇರಿ ಏನಾದರೂ ಮಾಡಿದ್ದು ಉಂಟಾ?" ಬರುವ ಉತ್ತರಗಳನ್ನು ಒಂದು ನೋಟ್ ಪುಸ್ತಕದಲ್ಲಿ ಜೋಪಾನವಾಗಿ ಇಡಿ. ದೂಬಗುಂಟದ ಪಾಠ ಬರೆದವರ ಕೈಯಲ್ಲೂ ಮೊದಲು ಇದ್ದದ್ದು ಇಷ್ಟೇ.