ಬರ್ನ್‌ಔಟ್ ಒಂದು ಕಾಯಿಲೆಯೇ? ಆಫೀಸಿನ ಈ ಪದ ಎಲ್ಲಿಂದ ಬಂತು, ಅದರ ಅರ್ಥವೇನು?

‘ಬರ್ನ್‌ಔಟ್ ಈಗ ಅಧಿಕೃತವಾಗಿ ಒಂದು ಕಾಯಿಲೆ, ವಿಶ್ವ ಆರೋಗ್ಯ ಸಂಸ್ಥೆಯೇ ಘೋಷಿಸಿದೆ’ ಎನ್ನುವ ಮಾತು 2019ರಿಂದಲೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇದೆ. ಅದರ ಬೆನ್ನಿಗೇ ‘ಈ ಲಕ್ಷಣಗಳಿದ್ದರೆ ನಿಮಗೂ ಬರ್ನ್‌ಔಟ್’ ಎನ್ನುವ ಪಟ್ಟಿಗಳೂ ಬರುತ್ತವೆ. ಪಟ್ಟಿಯಲ್ಲಿ ತಲೆನೋವು, ನಿದ್ದೆ ಬಾರದಿರುವುದು, ಸಿಡುಕು, ಸುಸ್ತು ಎಲ್ಲವೂ ಇರುತ್ತವೆ. ಓದಿದವರಿಗೆ ‘ಅಯ್ಯೋ, ಇದು ನನ್ನದೇ ಕಥೆ’ ಅನ್ನಿಸಿಬಿಡುತ್ತದೆ.

ಹಾಗಾದರೆ ನಿಜವೇನು? ಚುಟುಕಾಗಿ ಹೇಳುವುದಾದರೆ, ಬರ್ನ್‌ಔಟ್ ಎನ್ನುವುದು ನಿಜವಾದ ಸ್ಥಿತಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎಂದು ಘೋಷಿಸಿಲ್ಲ. ಈ ವ್ಯತ್ಯಾಸ ಬರೀ ಪದದ ಜಗಳವಲ್ಲ. ಅದನ್ನು ತಿಳಿಯದಿದ್ದರೆ ಔಷಧ ಬೇಕಾದವರು ರಜೆ ಹಾಕಿ ಸುಮ್ಮನಾಗುತ್ತಾರೆ, ಕೆಲಸದ ಹೊರೆ ಇಳಿಯಬೇಕಾದವರು ಮಾತ್ರೆ ಹುಡುಕುತ್ತಾರೆ. ಬನ್ನಿ, ಈ ಪದದ ಹುಟ್ಟಿನಿಂದಲೇ ಶುರು ಮಾಡೋಣ.

ಪದ ಹುಟ್ಟಿದ್ದು ಎಲ್ಲಿ?

ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎಂದರೆ ಉರಿದು ಮುಗಿಯುವುದು. ಬಲ್ಬಿನ ತಂತಿ ಸುಟ್ಟರೂ ಆ ಮಾತು, ರಾಕೆಟ್ಟಿನ ಇಂಧನ ತೀರಿದರೂ ಅದೇ ಮಾತು. 1960ರ ಸುಮಾರಿಗೆ ಬಂದ ಗ್ರಹಾಂ ಗ್ರೀನ್ ಅವರ ‘ಎ ಬರ್ನ್ಟ್‌ಔಟ್ ಕೇಸ್’ ಕಾದಂಬರಿಯಲ್ಲಿ, ಹೆಸರು ಗಳಿಸಿದ ವಾಸ್ತುಶಿಲ್ಪಿಯೊಬ್ಬ ಕೆಲಸದಲ್ಲೂ ಬದುಕಿನಲ್ಲೂ ಆಸಕ್ತಿ ಕಳೆದುಕೊಂಡು ಕಾಂಗೋದ ಕುಷ್ಠರೋಗಿಗಳ ಆಸ್ಪತ್ರೆಗೆ ಹೋಗಿ ಸೇರುತ್ತಾನೆ.

ಈ ಮಾತನ್ನು ಮನಶ್ಶಾಸ್ತ್ರಕ್ಕೆ ತಂದವರಲ್ಲಿ ಮೊದಲಿಗರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದ ಮನಶ್ಶಾಸ್ತ್ರಜ್ಞ ಅವರು. ನ್ಯೂಯಾರ್ಕಿನಲ್ಲಿ ಮಾದಕ ವ್ಯಸನಿಗಳಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಉತ್ಸಾಹದಿಂದ ಬಂದು ಸೇರಿದ ಕಾರ್ಯಕರ್ತರು ಕ್ರಮೇಣ ಬಸವಳಿದು, ಸಿಡುಕರಾಗಿ, ರೋಗಿಗಳ ಬಗ್ಗೆಯೇ ಅಸಡ್ಡೆ ತೋರುವುದನ್ನು ಅವರು ಕಂಡರು. 1974ರಲ್ಲಿ ಈ ಸ್ಥಿತಿಯ ಬಗ್ಗೆ ಲೇಖನ ಬರೆದು ಅದಕ್ಕೆ ಬರ್ನ್‌ಔಟ್ ಎಂದು ಹೆಸರಿಟ್ಟರು.

ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್, ಜನರ ಸೇವೆಯ ಕೆಲಸಗಳಲ್ಲಿ ಇದ್ದವರನ್ನು ಮಾತನಾಡಿಸಿ ಇದೇ ಸ್ಥಿತಿಯನ್ನು ಅಧ್ಯಯನ ಮಾಡಿದರು. ಅದನ್ನು ಅಳೆಯಲು 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ಒಂದು ಪ್ರಶ್ನಾವಳಿ ರೂಪಿಸಿದರು. ಇಂದಿಗೂ ಸಂಶೋಧಕರು ಹೆಚ್ಚಾಗಿ ಬಳಸುವುದು ಅದನ್ನೇ.

ಗಮನಿಸಿ: ಈ ಪದ ಮೊದಲು ಹುಟ್ಟಿದ್ದು ದೊಡ್ಡ ಕಂಪನಿಗಳ ಎಸಿ ಕೋಣೆಗಳಲ್ಲಲ್ಲ. ಕಡಿಮೆ ಸಂಬಳಕ್ಕೆ, ಕೆಲವೊಮ್ಮೆ ಸಂಬಳವೇ ಇಲ್ಲದೆ, ಬೇರೆಯವರ ಕಷ್ಟಕ್ಕೆ ದುಡಿಯುತ್ತಿದ್ದವರ ನಡುವೆ.

ಬರೀ ಸುಸ್ತು ಬರ್ನ್‌ಔಟ್ ಅಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯ ಪ್ರಕಾರ ಬರ್ನ್‌ಔಟ್ ಎಂದರೆ, ಕೆಲಸದ ಜಾಗದಲ್ಲಿ ಬಹುಕಾಲ ಇದ್ದ, ಸರಿಯಾಗಿ ನಿಭಾಯಿಸಲಾಗದ ಒತ್ತಡದಿಂದ ಉಂಟಾಗುವ ಸ್ಥಿತಿ. ಅದಕ್ಕೆ ಮೂರು ಮುಖಗಳಿವೆ.

ಒಂದು, ಬಸವಳಿಕೆ. ಮೈಯಲ್ಲೂ ಮನಸ್ಸಿನಲ್ಲೂ ತ್ರಾಣ ಉಳಿದಿಲ್ಲ ಅನ್ನಿಸುವುದು. ಭಾನುವಾರ ಮಲಗಿ ಎದ್ದರೂ ಸೋಮವಾರಕ್ಕೆ ಶಕ್ತಿ ಬಾರದಿರುವುದು.

ಎರಡು, ಕೆಲಸದಿಂದ ಮನಸ್ಸು ದೂರವಾಗುವುದು. ರೋಗಿ ಮನುಷ್ಯನಾಗಿ ಕಾಣದೆ ‘ಹನ್ನೆರಡನೇ ಹಾಸಿಗೆ’ ಆಗಿಬಿಡುತ್ತಾನೆ. ಮಕ್ಕಳ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಿದ್ದ ಮೇಷ್ಟ್ರಿಗೆ ಈಗ ಪ್ರಶ್ನೆ ಕೇಳಿದರೇ ಕಿರಿಕಿರಿ. ‘ಏನು ಮಾಡಿದರೂ ಅಷ್ಟೇ’ ಎನ್ನುವ ಮಾತು ಬಾಯಿಗೆ ಬರತೊಡಗುತ್ತದೆ.

ಮೂರು, ಕೈ ಸಾಗದಿರುವುದು. ಮೊದಲು ಸಲೀಸಾಗಿ ಮುಗಿಯುತ್ತಿದ್ದ ಕೆಲಸ ಈಗ ಮುಗಿಯುವುದಿಲ್ಲ. ‘ನನ್ನಿಂದ ಆಗಲ್ಲ, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ’ ಅನ್ನಿಸುತ್ತದೆ.

ವರ್ಷದ ಕೊನೆಯ ಲೆಕ್ಕ ಮುಗಿಸಿ ಎರಡು ವಾರ ಸುಸ್ತಾದರೆ ಅದು ದಣಿವು. ನಿದ್ದೆ ಮಾಡಿದರೆ, ಊರಿಗೆ ಹೋಗಿ ಬಂದರೆ ಸರಿಹೋಗುತ್ತದೆ. ಈ ಮೂರೂ ಸೇರಿಕೊಂಡು ತಿಂಗಳುಗಟ್ಟಲೆ ಬಿಡದೆ ಕಾಡಿದಾಗ ಬರ್ನ್‌ಔಟ್ ಎನ್ನಬಹುದು.

ವಿಶ್ವ ಆರೋಗ್ಯ ಸಂಸ್ಥೆ ನಿಜವಾಗಿ ಹೇಳಿದ್ದೇನು?

ಜಗತ್ತಿನ ಕಾಯಿಲೆಗಳನ್ನೆಲ್ಲ ವರ್ಗೀಕರಿಸುವ ಒಂದು ದೊಡ್ಡ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸುತ್ತದೆ. ಅದರ 11ನೇ ಆವೃತ್ತಿಗೆ ಮೇ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಜಾರಿಗೆ ಬಂದದ್ದು 1 ಜನವರಿ 2022ರಂದು. ಆ ಆವೃತ್ತಿಯಲ್ಲಿ ಬರ್ನ್‌ಔಟ್ ಹೆಸರು ಕಂಡ ಕೂಡಲೇ ‘ಕಾಯಿಲೆಯೆಂದು ಮಾನ್ಯತೆ’ ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹಬ್ಬಿತು.

ಕೆಲವೇ ದಿನಗಳಲ್ಲಿ ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಬರ್ನ್‌ಔಟ್ ಇರುವುದು ಕಾಯಿಲೆಗಳ ಅಧ್ಯಾಯದಲ್ಲಲ್ಲ. ಆರೋಗ್ಯದ ಮೇಲೆ ಪರಿಣಾಮ ಬೀರುವ, ಜನ ವೈದ್ಯರ ಬಳಿ ಹೋಗಲು ಕಾರಣವಾಗುವ, ಆದರೆ ಕಾಯಿಲೆಯಲ್ಲದ ಸಂಗತಿಗಳ ಅಧ್ಯಾಯದಲ್ಲಿ. ಅಲ್ಲಿ ಅದನ್ನು ‘ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ’ ಎಂದು ಕರೆಯಲಾಗಿದೆ. ಹಿಂದಿನ, ಅಂದರೆ 10ನೇ ಆವೃತ್ತಿಯಲ್ಲೂ ಅದು ಇಂಥದೇ ಗುಂಪಿನಲ್ಲಿತ್ತು. ಹೊಸದಾಗಿ ಬಂದದ್ದು ವಿವರವಾದ ವ್ಯಾಖ್ಯಾನ ಮಾತ್ರ.

ಇನ್ನೊಂದು ಷರತ್ತೂ ಅಲ್ಲಿದೆ: ಈ ಪದವನ್ನು ಉದ್ಯೋಗದ ಸಂದರ್ಭಕ್ಕೆ ಮಾತ್ರ ಬಳಸಬೇಕು, ಬದುಕಿನ ಬೇರೆ ಅನುಭವಗಳಿಗೆ ಅಲ್ಲ. ಹಾಗೆಂದು ಮನೆಯಲ್ಲಿ ಹಗಲಿರುಳು ದುಡಿಯುವ ಗೃಹಿಣಿಯ ಬಳಲಿಕೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರ ಬಳಲಿಕೆ ಸುಳ್ಳೆಂದಲ್ಲ. ತಂದೆತಾಯಂದಿರ, ಆರೈಕೆ ಮಾಡುವವರ ಬಳಲಿಕೆಯ ಬಗ್ಗೆ ಪ್ರತ್ಯೇಕ ಸಂಶೋಧನೆಗಳೇ ನಡೆದಿವೆ. ಅವು ಈ ವ್ಯಾಖ್ಯಾನದ ಹೊರಗಿವೆ, ಅಷ್ಟೇ.

ಒಂದೊಂದು ಭಾಷೆಯಲ್ಲಿ ಒಂದೊಂದು ಬಣ್ಣ

ಪದ ಅಮೆರಿಕದಿಂದ ಹೊರಟು ಬೇರೆ ಭಾಷೆಗಳಿಗೆ ಹೋದಾಗ ಕೆಲವರು ಅದನ್ನು ಹಾಗೇ ಇಟ್ಟುಕೊಂಡರು. ಜರ್ಮನ್, ಡಚ್, ಕೊರಿಯನ್ ಭಾಷೆಗಳಲ್ಲಿ ಇಂದು ಬರ್ನ್‌ಔಟ್ ಎಂದೇ ಹೇಳುತ್ತಾರೆ. ಫ್ರೆಂಚರು ಮಾತಿನಲ್ಲಿ ಬರ್ನ್‌ಔಟ್ ಎಂದರೂ ವೈದ್ಯಕೀಯ ಬರವಣಿಗೆಯಲ್ಲಿ ‘ವೃತ್ತಿಯ ಬಳಲಿಕೆ’ ಎನ್ನುವ ಅರ್ಥದ ತಮ್ಮದೇ ಪದ ಬಳಸುತ್ತಾರೆ. ಚೀನೀ ಭಾಷೆಯ ಪದದಲ್ಲೂ ಬೆಂಕಿಯಿಲ್ಲ, ‘ಉದ್ಯೋಗದ ಬೇಸರ, ಬಳಲಿಕೆ’ ಎಂಬ ಅರ್ಥವಿದೆ. ಸ್ಪ್ಯಾನಿಷ್ ಮಾತನಾಡುವವರು ಮಾತ್ರ ಬೆಂಕಿಯನ್ನು ಬಿಡಲಿಲ್ಲ. ಅವರ ಹೆಸರನ್ನು ಕನ್ನಡಕ್ಕೆ ತಂದರೆ ‘ಸುಟ್ಟುಹೋದ ಕೆಲಸಗಾರನ ಸ್ಥಿತಿ’ ಎಂದಾಗುತ್ತದೆ.

ಸ್ವೀಡನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ‘ಉತ್‌ಬ್ರೆಂದ್’, ಅಂದರೆ ಉರಿದುಹೋದವನು, ಎನ್ನುವ ಮಾತು ಜನಬಳಕೆಯಲ್ಲಿತ್ತು. 2005ರಿಂದ ಅಲ್ಲಿನ ವೈದ್ಯರು ‘ಬಳಲಿಕೆಯ ಕಾಯಿಲೆ’ ಎಂಬ ಪ್ರತ್ಯೇಕ ಹೆಸರಿನಲ್ಲಿ ರೋಗನಿರ್ಣಯ ಮಾಡಿ ವೈದ್ಯಕೀಯ ರಜೆಗೆ ಬರೆದುಕೊಡುತ್ತಿದ್ದಾರೆ. ಅಂದರೆ ‘ಇದು ಕಾಯಿಲೆಯೇ?’ ಎನ್ನುವ ಪ್ರಶ್ನೆಗೆ ಒಂದೊಂದು ದೇಶದ ಉತ್ತರ ಒಂದೊಂದು ಥರ.

ಜಪಾನೀಯರು ‘ಮೊಯೆತ್ಸುಕಿ’ ಎನ್ನುತ್ತಾರೆ, ಪೂರ್ತಿ ಉರಿದು ಮುಗಿಯುವುದು ಎಂದರ್ಥ. ದೊಡ್ಡ ಪರೀಕ್ಷೆಯೋ ಪಂದ್ಯಾವಳಿಯೋ ಮುಗಿದ ಮೇಲೆ ಮುಂದೇನೂ ತೋಚದೆ ಕುಸಿದು ಕೂರುವುದಕ್ಕೂ ಅಲ್ಲಿ ಅದೇ ಪದ. ಅತಿಯಾದ ದುಡಿಮೆಯಿಂದ ಬರುವ ಸಾವಿಗೆ ಅವರಲ್ಲಿ ‘ಕರೋಶಿ’ ಎಂಬ ಬೇರೆಯೇ ಪದವಿದೆ. ಅದನ್ನು ತಡೆಯಲೆಂದೇ 2014ರಲ್ಲಿ ಒಂದು ಕಾನೂನು ಬಂತು. ಬರ್ನ್‌ಔಟ್ ಇಂಗ್ಲಿಷಿನಿಂದ ಜಪಾನಿಗೆ ಹೋದರೆ, ಕರೋಶಿ ಜಪಾನಿನಿಂದ ಇಂಗ್ಲಿಷ್ ನಿಘಂಟುಗಳಿಗೆ ಬಂತು.

ಕನ್ನಡದಲ್ಲಿ ಏನೆನ್ನೋಣ?

ಪದವನ್ನು ಹಾಗೇ ಅನುವಾದ ಮಾಡಿದರೆ ಕನ್ನಡದಲ್ಲಿ ಎಡವಟ್ಟಾಗುತ್ತದೆ. ನಮ್ಮಲ್ಲಿ ‘ಹೊಟ್ಟೆ ಉರಿ’ ಎಂದರೆ ಅಸೂಯೆ ಅಥವಾ ಸಂಕಟ, ‘ಮೈಯೆಲ್ಲ ಉರಿಯಿತು’ ಎಂದರೆ ಸಿಟ್ಟು. ‘ನಾನು ಉರಿದುಹೋಗಿದ್ದೇನೆ’ ಎಂದರೆ ಯಾರ ಮೇಲೆ ಕೋಪ ಎಂದು ಕೇಳುತ್ತಾರೆಯೇ ಹೊರತು ದಣಿದಿದ್ದೀರಾ ಎಂದಲ್ಲ.

ಹಾಗೆಂದು ಕನ್ನಡಕ್ಕೆ ಈ ಅನುಭವ ಹೊಸದೇನಲ್ಲ. ಬಸವಳಿಯುವುದು, ನಿತ್ರಾಣ, ಹೈರಾಣಾಗುವುದು, ಸೋತು ಸುಣ್ಣವಾಗುವುದು – ಇವೆಲ್ಲ ಮೊದಲ ಮುಖದ ಮಾತುಗಳು. ಬೇಸತ್ತುಹೋಗುವುದು, ರೋಸಿಹೋಗುವುದು ಎರಡನೆಯದಕ್ಕೆ. ‘ಕೈಯೇ ಸಾಗುತ್ತಿಲ್ಲ’ ಎನ್ನುವುದು ಮೂರನೆಯದಕ್ಕೆ. ಒಂದೇ ಪದ ಇಲ್ಲದಿದ್ದರೂ ಮೂರು ಮುಖಗಳಿಗೂ ಬೇರೆ ಬೇರೆ ಮಾತುಗಳಿವೆ. ವೈದ್ಯರ ಮುಂದೆ ‘ಬರ್ನ್‌ಔಟ್ ಆಗಿದೆ’ ಎನ್ನುವುದಕ್ಕಿಂತ ‘ಬೆಳಿಗ್ಗೆ ಏಳಲು ತ್ರಾಣವಿಲ್ಲ, ಕೆಲಸದ ಹೆಸರೆತ್ತಿದರೆ ರೋಸಿಹೋಗುತ್ತದೆ, ಮೊದಲಿನಂತೆ ಕೈ ಸಾಗುತ್ತಿಲ್ಲ’ ಎಂದು ಬಿಡಿಸಿ ಹೇಳಿದರೆ ಅವರಿಗೆ ಹೆಚ್ಚು ತಿಳಿಯುತ್ತದೆ.

ತಪ್ಪು ಮೋಟಾರಿನದೋ, ಲೈನಿನದೋ?

ಹೊಲದಲ್ಲಿ ಪಂಪ್‌ಸೆಟ್ ಇರುವವರಿಗೆ ಮೋಟಾರ್ ಸುಡುವುದು ಗೊತ್ತು. ವೋಲ್ಟೇಜ್ ಬಿದ್ದರೆ, ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಕಾಯಿಲ್ ಬಿಸಿಯಾಗಿ ಸುಡುತ್ತದೆ. ರಿವೈಂಡಿಂಗ್ ಮಾಡಿಸಿ ತಂದು ಅದೇ ಲೈನಿಗೆ ಕೊಟ್ಟರೆ ಮತ್ತೆ ಸುಡುತ್ತದೆ.

ಬರ್ನ್‌ಔಟ್ ಕೂಡ ಹಾಗೆಯೇ. ರಜೆ, ಧ್ಯಾನ, ಯೋಗ ಇವೆಲ್ಲ ಒಳ್ಳೆಯವೇ. ಆದರೆ ಅವಷ್ಟೇ ಸಾಲವು. ಮಾಸ್ಲಾಕ್ ಮತ್ತು ಅವರ ಜೊತೆ ಸಂಶೋಧನೆ ಮಾಡಿದ ಮೈಕಲ್ ಲೈಟರ್ ಕೆಲಸದ ಆರು ಅಂಶಗಳತ್ತ ನೋಡಲು ಹೇಳುತ್ತಾರೆ: ಹೊರೆ, ಕೆಲಸದ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ ಮತ್ತು ಮೆಚ್ಚುಗೆ, ಜೊತೆಯವರ ಸಂಬಂಧ, ನ್ಯಾಯ, ಮತ್ತು ನಮ್ಮ ಮೌಲ್ಯಗಳಿಗೂ ಕೆಲಸಕ್ಕೂ ಇರುವ ಹೊಂದಾಣಿಕೆ. ಇವು ಕೆಟ್ಟಿದ್ದರೆ ಸಂಬಳ ಚೆನ್ನಾಗಿದ್ದರೂ ಮನುಷ್ಯ ಬಳಲುತ್ತಾನೆ.

ದುಡಿಮೆಯ ಗಂಟೆಗಳೂ ಮುಖ್ಯ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಹ ಸಂಸ್ಥಾಪಕ ನಾರಾಯಣಮೂರ್ತಿ 2023ರಲ್ಲಿ ಹೇಳಿದಾಗ ಬೆಂಗಳೂರಿನಲ್ಲೂ ದೇಶದಲ್ಲೂ ದೊಡ್ಡ ಚರ್ಚೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ, ರಕ್ತನಾಳ ಕಟ್ಟಿಕೊಂಡು ಬರುವ ಹೃದ್ರೋಗದಿಂದ ಸಾಯುವ ಅಪಾಯ ಸುಮಾರು 17 ಶೇಕಡಾ ಹೆಚ್ಚು. ಇದು ಬರ್ನ್‌ಔಟ್ ಕುರಿತ ಲೆಕ್ಕವಲ್ಲ, ದೀರ್ಘ ದುಡಿಮೆ ದೇಹಕ್ಕೆ ಮಾಡುವ ಹಾನಿಯ ಲೆಕ್ಕ.

ಎಲ್ಲಕ್ಕೂ ಬರ್ನ್‌ಔಟ್ ಎಂದರೆ ಅಪಾಯವೇನು?

ಸುಸ್ತಿಗೆ ನೂರು ಕಾರಣ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ – ಇವೆಲ್ಲ ಮೊದಲು ಸುಸ್ತಾಗಿಯೇ ಕಾಣಿಸಿಕೊಳ್ಳಬಹುದು. ಇವನ್ನು ಪರೀಕ್ಷೆಯಿಂದ ಪತ್ತೆ ಹಚ್ಚಬಹುದು, ಚಿಕಿತ್ಸೆಯೂ ಇದೆ. ‘ಆಫೀಸ್ ಟೆನ್ಷನ್’ ಎಂದು ತಳ್ಳಿಹಾಕಿದರೆ ಚಿಕಿತ್ಸೆ ತಡವಾಗುತ್ತದೆ.

ಇನ್ನೂ ಎಚ್ಚರ ಬೇಕಾದದ್ದು ಖಿನ್ನತೆಯ ಬಗ್ಗೆ. ಎರಡರ ಲಕ್ಷಣಗಳೂ ಒಂದರೊಳಗೊಂದು ಬೆರೆಯುತ್ತವೆ, ಅವು ಎಷ್ಟು ಬೇರೆ ಎಂಬ ಬಗ್ಗೆ ಸಂಶೋಧಕರಲ್ಲೇ ಚರ್ಚೆಯಿದೆ. ಸಾಮಾನ್ಯವಾಗಿ ಬರ್ನ್‌ಔಟ್ ಕೆಲಸದ ಸುತ್ತ ಸುತ್ತುತ್ತದೆ. ಖಿನ್ನತೆ ಊಟ, ನಿದ್ದೆ, ಮನೆ, ಮಕ್ಕಳು, ಹಬ್ಬ ಎಲ್ಲದರ ರುಚಿಯನ್ನೂ ಕೆಡಿಸುತ್ತದೆ, ರಜೆಯಲ್ಲೂ ಬಿಡುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಹೀಗೇ ಇದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ

‘ಬರ್ನ್‌ಔಟ್ ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ’ – ತಪ್ಪು. ‘ಬರ್ನ್‌ಔಟ್ ಎನ್ನುವುದೆಲ್ಲ ಸೋಮಾರಿಗಳ ನೆಪ’ – ಇದೂ ತಪ್ಪು. ‘ಸುಸ್ತಾದರೆ ಅದು ಬರ್ನ್‌ಔಟ್’ – ಪರೀಕ್ಷೆ ಮಾಡಿಸದೆ ಹೇಳಲಾಗದು.

ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇಷ್ಟು ಮಾಡಿ: ಕಳಿಸಿದವರಿಗೆ ಒಂದು ಫೋನ್ ಹಚ್ಚಿ. ‘ಹೇಗಿದ್ದೀರಿ, ಕೆಲಸ ಜಾಸ್ತಿಯೇ?’ ಎಂದು ಕೇಳಿ. ಅಂಥ ಸಂದೇಶ ಕಳಿಸುವವರಲ್ಲಿ ಕೆಲವರು ತಮ್ಮ ಕಷ್ಟವನ್ನೇ ಆ ಮೂಲಕ ಹೇಳುತ್ತಿರಬಹುದು.