ಬ್ರಿಟಿಷ್ ನೌಕಾಪಡೆಯ ಅಡ್ಡಹೆಸರುಗಳು

ಬ್ರಿಟನ್ನಿನ ರಾಯಲ್ ನೇವಿಯಲ್ಲಿ ಶಿಸ್ತು ಎಷ್ಟು ಬಿಗಿಯೋ ತಮಾಷೆಯೂ ಅಷ್ಟೇ ಧಾರಾಳ. ಅಲ್ಲಿನ ನಾವಿಕನಿಗೆ ‘ಜ್ಯಾಕ್’ ಎಂಬುದು ಸಾಮಾನ್ಯ ಹೆಸರು. ಅವನ ಆಡುನುಡಿ ‘ಜ್ಯಾಕ್‌ಸ್ಪೀಕ್’. ಈ ನುಡಿಯ ಬಹುಪಾಲು ಸೊಗಸು ಒಬ್ಬರನ್ನೊಬ್ಬರು ಕರೆಯುವ ಹೆಸರುಗಳಲ್ಲಿದೆ.

ಕಸುಬಿನಿಂದ ಬಂದವು

ಹಡಗಿನ ಬಡಗಿ ‘ಚಿಪ್ಪಿ’, ಅಂದರೆ ಮರದ ಚಕ್ಕೆ ಎಬ್ಬಿಸುವವನು. ರೇಡಿಯೋ ನಿರ್ವಾಹಕ ‘ಸ್ಪಾರ್ಕರ್’. ಆರಂಭದ ನಿಸ್ತಂತು ಯಂತ್ರಗಳು ವಿದ್ಯುತ್ ಕಿಡಿಯಿಂದ ಸಂದೇಶ ಕಳಿಸುತ್ತಿದ್ದುದರ ನೆನಪು ಅದು. ಕಲ್ಲಿದ್ದಲಿನ ಕಾಲ ಮುಗಿದು ಎಷ್ಟೋ ವರ್ಷವಾದರೂ ಎಂಜಿನ್ ವಿಭಾಗದವನು ಇಂದಿಗೂ ‘ಸ್ಟೋಕರ್’. ತೋಳಿನ ಮೇಲೆ ಲಂಗರಿನ ಗುರುತು ಧರಿಸುವ, ಲೀಡಿಂಗ್ ಹ್ಯಾಂಡ್ ದರ್ಜೆಯ ನಾವಿಕ ‘ಕಿಲ್ಲಿಕ್’; ಸಣ್ಣ ಲಂಗರಿಗೆ ಆ ಹೆಸರಿತ್ತು. ಹಲ್ಲಿನ ವೈದ್ಯನಂತೂ ‘ಫ್ಯಾಂಗ್ ಫ್ಯಾರಿಯರ್’, ಅಂದರೆ ಕೋರೆಹಲ್ಲಿಗೆ ಲಾಳ ಹೊಡೆಯುವವನು! ಪಾದ್ರಿ ‘ಸಿನ್ ಬೋಸನ್’, ಪಾಪಗಳ ಮೇಸ್ತ್ರಿ.

ಕುಲನಾಮಕ್ಕೆ ಅಂಟಿದವು

ಕೆಲವು ಹೆಸರು ಸೇರುವ ದಿನವೇ ಸಿದ್ಧವಾಗಿರುತ್ತವೆ. ಮಿಲ್ಲರ್ ಎಂಬವನು ಹಿಟ್ಟಿನ ಧೂಳಿನ ‘ಡಸ್ಟಿ’, ವೈಟ್ ಎಂಬವನು ಸುಣ್ಣಬಿಳುಪಿನ ‘ಚಾಕಿ’. ಕ್ಲಾರ್ಕ್ ಎಂದರೆ ‘ನಾಬಿ’, ಮಾರ್ಟಿನ್ ಎಂದರೆ ‘ಪಿಂಚರ್’. ವಿಲಿಯಂ ಗೋಲ್ಡಿಂಗ್ ತನ್ನ 1956ರ ಕಾದಂಬರಿಯ ನೌಕಾಧಿಕಾರಿಗೂ ಈ ಕೊನೆಯ ಹೆಸರನ್ನೇ ಕೊಟ್ಟ. ಊರೂರಿನವರು ಸೇರುವ ಹಡಗಿನಲ್ಲಿ ಹೊಸಬನಿಗೆ ಇದರಿಂದ ಅಪರಿಚಿತತನ ಬೇಗ ಕಳೆಯುತ್ತದೆ.

ಮೇಲಧಿಕಾರಿಗೆ, ಜೊತೆಗಾರನಿಗೆ

ಕಪ್ತಾನ ಎದುರಿಗಿದ್ದಾಗ ‘ಸರ್’. ಬೆನ್ನ ಹಿಂದೆ ‘ಓಲ್ಡ್ ಮ್ಯಾನ್’, ಅಂದರೆ ಮುದುಕ, ಅವನ ವಯಸ್ಸು ಎಷ್ಟೇ ಇರಲಿ. ಫಸ್ಟ್ ಲೆಫ್ಟಿನೆಂಟನ್ನು ಕಪ್ತಾನ ‘ನಂಬರ್ ವನ್’ ಎಂದು ಕರೆದರೆ, ಕೆಳಗಿನವರ ಬಾಯಲ್ಲಿ ಅವನೇ ‘ಜಿಮ್ಮಿ’. ಆಪ್ತ ಗೆಳೆಯ ‘ಆಪ್ಪೋ’: ಪಾಳಿ ಪಟ್ಟಿಯಲ್ಲಿ ಇನ್ನೊಂದು ಪಾಳಿಯಲ್ಲಿ ನಮ್ಮದೇ ಕೆಲಸ ಮಾಡುವವನಿಗೆ ಇದ್ದ ಹೆಸರು ಸ್ನೇಹಕ್ಕೆ ಹೊರಳಿತು. ಹಡಗಿನಲ್ಲಿರುವ ಮರೀನ್ ದಳದ ಸೈನಿಕ ‘ಬೂಟ್‌ನೆಕ್’. ಹಿಂದೆ ಆ ದಳದವರು ಕುತ್ತಿಗೆಗೆ ಚರ್ಮದ ಪಟ್ಟಿ ಕಟ್ಟುತ್ತಿದ್ದರು.

ಭಾರತದ ನಂಟು

ಬಟ್ಟೆ ಒಗೆಯುವುದಕ್ಕೆ ಈ ನಾವಿಕರು ಹೇಳುವುದು ‘ಧೋಬಿಯಿಂಗ್’, ಸೋಪಿನ ಪುಡಿಗೆ ‘ಧೋಬಿ ಡಸ್ಟ್’. ಭಾರತದಲ್ಲಿ ಕೆಲಸ ಮಾಡಿದವರ ಬಾಯಿಂದ ಹಿಂದಿಯ ‘ಧೋಬಿ’ ಹಡಗು ಹತ್ತಿ, ಕಸುಬುದಾರನ ಹೆಸರು ಕೆಲಸದ ಹೆಸರಾಯಿತು.

ತಮಾಷೆಯ ಮಿತಿ

ಯಾರು, ಯಾರನ್ನು, ಎಲ್ಲಿ ಕರೆಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಊಟದ ಮೇಜಿನ ‘ಜಿಮ್ಮಿ’ ಕವಾಯತಿನ ಸಾಲಿನಲ್ಲಿ ಸಲ್ಲದು. ವೇಲ್ಸ್‌ನವನಿಗೆ ‘ಟ್ಯಾಫ್’, ಸ್ಕಾಟ್‌ಲೆಂಡಿನವನಿಗೆ ‘ಜಾಕ್’ ಎಂಬಂಥ ನೆಲಮೂಲದ ಹೆಸರುಗಳು ಒಬ್ಬನಿಗೆ ಸಲುಗೆ, ಇನ್ನೊಬ್ಬನಿಗೆ ಅವಮಾನ. ಕರೆಸಿಕೊಳ್ಳುವವನು ನಗದಿದ್ದರೆ ಅದನ್ನು ಅಡ್ಡಹೆಸರು ಎನ್ನುವುದಕ್ಕಿಂತ ಕಿರುಕುಳ ಎನ್ನುವುದೇ ಸರಿ.